ಸ್ಪ್ಯಾಮ್ ಫಿಲ್ಟರ್ ಬಿಗಿ ಮಾಡಿ ಗಿರಾಕಿಯನ್ನೇ ಕಳೆದುಕೊಂಡೆ, ಈಗ ಏನು ಮಾಡಲಿ?

ಮಸಿಕೈ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಆಫ್‌ಸೆಟ್ ಪ್ರೆಸ್ ಇದೆ, ಅಪ್ಪ ಶುರು ಮಾಡಿದ್ದು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಪೋಸ್ಟರ್, ಶಾಲೆಗಳ ಸ್ಮರಣ ಸಂಚಿಕೆ, ಇಂಥ ಕೆಲಸ. ನಮ್ಮೂರಲ್ಲಿ ಪ್ರೆಸ್‌ಗಳಿಗೆ ಬರ ಇಲ್ಲ. ಒಂದು ದಿನ ಉತ್ತರ ಕೊಡದಿದ್ದರೆ ಗಿರಾಕಿ ಪಕ್ಕದ ಓಣಿಯಲ್ಲಿ ಚಹಾ ಕುಡಿಯುತ್ತಾ ಪ್ರೂಫ್ ನೋಡುತ್ತಿರುತ್ತಾರೆ.

2016ರಲ್ಲಿ ವೆಬ್‌ಸೈಟ್ ಮಾಡಿಸಿದಾಗ ಸ್ವಂತ ಡೊಮೈನ್, ಅಂದರೆ ನಮ್ಮದೇ ಹೆಸರಿನ ಇಂಟರ್‌ನೆಟ್ ವಿಳಾಸ ತಗೊಂಡೆ. ಮೇಲ್ ಕೂಡ ಸೈಟ್ ಇಟ್ಟಿರುವ ಅದೇ ಬಾಡಿಗೆ ಸರ್ವರ್ ಹೋಸ್ಟಿಂಗ್‌ನಲ್ಲಿ, ಸಿಪ್ಯಾನೆಲ್ ಅನ್ನೋ ಸೆಟ್ಟಿಂಗ್ ಪುಟ ಇರುವಂಥದ್ದು. ಅಂಗಡಿ ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ಅನ್ನೋ ಮೇಲ್ ಓದುವ ಸಾಫ್ಟ್‌ವೇರ್ ಹಾಕಿದ್ದೇನೆ. ಮೊದಲೆರಡು ವರ್ಷ ಚೆನ್ನಾಗಿತ್ತು. ಈಗ ದಿನಕ್ಕೆ 150ಕ್ಕೂ ಜಾಸ್ತಿ ಕಸ, ಅಂದರೆ ಸ್ಪ್ಯಾಮ್ ಅನ್ನುವ ಬೇಡದ ಮೇಲ್, ಬರುತ್ತೆ. ನಿಮ್ಮ ಸೈಟನ್ನು ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ ಅನ್ನುವವರು, ಬಾಕಿ ಇನ್‌ವಾಯ್ಸ್ ಅಂತ ಜಿಪ್ ಫೈಲ್ ಕಳಿಸುವವರು, ಪ್ಯಾಕಿಂಗ್ ಡಬ್ಬಿ ಮಾರುವವರು, ನನಗೆ ಆಸ್ತಿ ಬಿಟ್ಟು ಹೋಗಲು ಕಾದು ಕೂತಿರುವ ಯಾವುದೋ ದೇಶದ ವಿಧವೆ. ಬೆಳಗ್ಗೆ ಮಷೀನ್ ಚಾಲೂ ಮಾಡುವ ಮೊದಲು ಅರ್ಧ ಗಂಟೆ ಡಿಲೀಟ್ ಒತ್ತುವುದೇ ಕೆಲಸ ಆಗಿಬಿಟ್ಟಿದೆ.

ಹೋದ ತಿಂಗಳು ಸಿಟ್ಟು ಬಂದು ಸಿಪ್ಯಾನೆಲ್ ಒಳಗೆ ಹೋದೆ. ಸ್ಪ್ಯಾಮ್‌ಅಸ್ಯಾಸಿನ್ ಅಂತ ಒಂದು ಫಿಲ್ಟರ್ ಇದೆ, ಅದರಲ್ಲಿ ಅಂಕ 5 ಇತ್ತು. ಅಂಕ ಇಳಿಸಿದಷ್ಟೂ ಬಿಗಿ ಅಂತ ಗೊತ್ತಾಯ್ತು, 2ಕ್ಕೆ ಇಳಿಸಿದೆ. ಅಲ್ಲೇ ಆಟೋ ಡಿಲೀಟ್ ಅಂತ ಇತ್ತು, ಅದನ್ನೂ ಆನ್ ಮಾಡಿದೆ. ಆಹಾ, ಎರಡು ವಾರ ಇನ್‌ಬಾಕ್ಸ್ ಸಗಣಿ ಸಾರಿಸಿದ ಅಂಗಳದ ಹಾಗಿತ್ತು ನೋಡಿ.

ಮೂರನೇ ವಾರ ಬಜಾರಿನಲ್ಲಿ ಒಂದು ಶಾಲೆಯ ಕ್ಲರ್ಕ್ ಸಿಕ್ಕರು. "ಏನ್ರೀ, ಮೂರು ಸಲ ಮೇಲ್ ಹಾಕಿದ್ವಿ, ಕೋಟೇಶನ್ ಕೊಡಲೇ ಇಲ್ಲ, ಈಗ ಬೇರೆಯವರಿಗೆ ಕೊಟ್ವಿ" ಅಂದರು. 120 ಪುಟದ ಸಂಚಿಕೆ, 600 ಪ್ರತಿ. ಏಳು ವರ್ಷದಿಂದ ನಾವೇ ಮಾಡುತ್ತಿದ್ದ ಕೆಲಸ. ಓಡಿ ಬಂದು ಹೋಸ್ಟಿಂಗ್‌ನವರಿಗೆ ಫೋನ್ ಮಾಡಿದರೆ, ಡಿಲೀಟ್ ಆಗಿದ್ದು ವಾಪಸ್ ಬರಲ್ಲ ಸರ್ ಅಂದರು, ಅಷ್ಟೇ.

ಇನ್ನೊಂದು. ಮೊನ್ನೆ ನನ್ನದೇ ವಿಳಾಸದಿಂದ ನನಗೇ ಒಂದು ಮೇಲ್ ಬಂತು. ನಿನ್ನ ಕಂಪ್ಯೂಟರ್ ನನ್ನ ಕೈಯಲ್ಲಿದೆ, ಕ್ಯಾಮೆರಾದಲ್ಲಿ ವಿಡಿಯೋ ಮಾಡಿದ್ದೇನೆ, ಬಿಟ್‌ಕಾಯಿನ್ ಕಳಿಸು ಅಂತ. ಆ ಕಂಪ್ಯೂಟರ್‌ಗೆ ಕ್ಯಾಮೆರಾನೇ ಇಲ್ಲ, ಆದರೂ ಎದೆ ಧಸಕ್ ಅಂತು. ನನ್ನದೇ ವಿಳಾಸದಿಂದ ಬಂದಿದೆಯಲ್ಲ! ಫಿಲ್ಟರ್ ಅದನ್ನು ಹಿಡಿಯಲಿಲ್ಲ, ಶಾಲೆಯ ಮೇಲ್ ಹಿಡಿಯಿತು. ಇದೆಂಥ ನ್ಯಾಯ?

ಹಾಗಾಗಿ ಕೇಳುತ್ತಿದ್ದೇನೆ, ಇದಕ್ಕಿಂತ ಒಳ್ಳೆ ಸಾಫ್ಟ್‌ವೇರ್ ಯಾವುದಿದೆ? ದುಡ್ಡು ಕೊಟ್ಟಾದರೂ ತಗೊಳ್ಳುತ್ತೇನೆ, ಆದರೆ ಗಿರಾಕಿ ಮೇಲ್ ಹೋಗಬಾರದು.

ಕಡಲತಡಿ

ಎಂತ ಮಾರಾಯ್ರೆ, ಇಷ್ಟಕ್ಕೆಲ್ಲ ತಲೆಬಿಸಿ ಯಾಕೆ? ಎಲ್ಲ ಮೇಲ್‌ಗಳನ್ನೂ ಜಿಮೇಲ್‌ಗೆ ಫಾರ್ವರ್ಡ್ ಹಾಕಿಬಿಡಿ. ಗೂಗಲ್‌ನ ಫಿಲ್ಟರ್ ಮುಂದೆ ಬೇರೆಯವೆಲ್ಲ ಏನೂ ಅಲ್ಲ. ನಾನು ಹತ್ತು ವರ್ಷದಿಂದ ಜಿಮೇಲ್, ವಾರಕ್ಕೆ ಒಂದೆರಡು ಕಸ ಬಂದರೆ ಹೆಚ್ಚು. ಸ್ಪ್ಯಾಮ್ ಫೋಲ್ಡರ್‌ಗೆ ಬಿದ್ದದ್ದು 30 ದಿನ ಅಲ್ಲೇ ಇರುತ್ತದೆ, ನಿಮ್ಮ ಶಾಲೆಯವರದ್ದು ಸಿಗುತ್ತಿತ್ತು.

ಮತ್ತೆ 1909ಕ್ಕೆ ಡಿಎನ್‌ಡಿ, ಅಂದರೆ ನನಗೆ ತೊಂದರೆ ಕೊಡಬೇಡಿ ಅನ್ನುವ ಕಂಪ್ಲೇಂಟ್ ಹಾಕಿ ನೋಡಿ.

ಸರ್ವರ್ ರೂಮು

ಮಸಿಕೈ ಅವರೇ, ಮೊದಲು ಆಟೋ ಡಿಲೀಟ್ ಆಫ್ ಮಾಡಿ ಬನ್ನಿ. ಈಗಲೇ. ನಾನು ಬರೆದದ್ದನ್ನು ಆಮೇಲೆ ಓದಿ.

ಮಾಡಿದ್ರಾ? ಸರಿ. ನಾನು ಹುಬ್ಬಳ್ಳಿಯಲ್ಲಿ ಒಂದು ಕಾಲೇಜಿನ ಮೇಲ್ ಸರ್ವರ್ ನೋಡಿಕೊಳ್ಳುತ್ತೇನೆ, ಇದೇ ಸ್ಪ್ಯಾಮ್‌ಅಸ್ಯಾಸಿನ್ ಜೊತೆ ಬಹಳ ವರ್ಷದ ಸಂಸಾರ. ಸಾಫ್ಟ್‌ವೇರ್ ಕೆಟ್ಟದ್ದಲ್ಲ. 2001ರಿಂದ ಇದೆ, ಈಗ ಅಪಾಚೆ ಫೌಂಡೇಶನ್ ಅನ್ನುವ ಲಾಭರಹಿತ ಸಂಸ್ಥೆಯ ಅಡಿಯಲ್ಲಿದೆ, ಪುಕ್ಕಟೆ. ನೀವು ಅದನ್ನು ಬಳಸಿದ ರೀತಿ ಎಡವಟ್ಟಾಯಿತು ಅಷ್ಟೇ, ಮತ್ತು ಅದರಲ್ಲಿ ನಿಮ್ಮ ತಪ್ಪು ಕಡಿಮೆ. ಆ ಆಟೋ ಡಿಲೀಟ್ ಗುಂಡಿ ಅಷ್ಟು ಸುಲಭವಾಗಿ ಕೈಗೆ ಸಿಗಲೇಬಾರದಿತ್ತು.

ಅದು ಕೆಲಸ ಮಾಡೋದು ಹೀಗೆ. ಬಂದ ಪ್ರತಿ ಮೇಲ್‌ಗೂ ನೂರಾರು ಸಣ್ಣ ಪರೀಕ್ಷೆ ಮಾಡುತ್ತೆ. ಸಬ್ಜೆಕ್ಟ್ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿದ್ದರೆ ಒಂದಿಷ್ಟು ಅಂಕ, ಸಬ್ಜೆಕ್ಟೇ ಇಲ್ಲದಿದ್ದರೆ ಒಂದಿಷ್ಟು, ಒಳಗೆ ಚಿತ್ರ ಮಾತ್ರ ಇದ್ದು ಅಕ್ಷರ ಕಡಿಮೆ ಇದ್ದರೆ ಇನ್ನಷ್ಟು, ಕಪ್ಪುಪಟ್ಟಿಯಲ್ಲಿರುವ ಸರ್ವರ್‌ನಿಂದ ಬಂದಿದ್ದರೆ ಜಾಸ್ತಿ. ಒಳ್ಳೆ ಲಕ್ಷಣ ಕಂಡರೆ ಅಂಕ ಕಳೆಯುತ್ತೆ ಕೂಡ. ಕೊನೆಗೆ ಎಲ್ಲ ಕೂಡಿಸಿ 5 ಮುಟ್ಟಿದರೆ ಸ್ಪ್ಯಾಮ್ ಅಂತ ಮುದ್ರೆ. ಅಂದರೆ ಯಾವುದೋ ಒಂದು ತಪ್ಪಿಗೆ ಯಾರನ್ನೂ ಹೊರಗೆ ಹಾಕಬಾರದು ಅನ್ನೋದೇ ಅದರ ಲೆಕ್ಕಾಚಾರ. 2ಕ್ಕೆ ಇಳಿಸಿದರೆ ಒಂದೆರಡು ಸಣ್ಣ ತಪ್ಪಿಗೇ ಗಲ್ಲು. ನಮ್ಮ ಕಡೆ ಶಾಲೆ ಆಫೀಸಿನವರು ಮೇಲ್ ಹೇಗೆ ಬರೆಯುತ್ತಾರೆ ನೆನಪು ಮಾಡಿಕೊಳ್ಳಿ. ಕ್ಯಾಪ್ಸ್ ಲಾಕ್ ಒತ್ತಿ "ಅರ್ಜೆಂಟ್ ಕೋಟೇಶನ್" ಅಂತ ಸಬ್ಜೆಕ್ಟ್, ಒಳಗೆ ಲೆಟರ್‌ಹೆಡ್ಡಿನ ಫೋಟೋ, ಮತ್ತೇನೂ ಇಲ್ಲ. ಸ್ಪ್ಯಾಮ್ ಮಾಡುವವನೂ ಹೀಗೇ ಬರೆಯುತ್ತಾನೆ.

ಯಾವ ಮೇಲ್‌ಗೆ ಯಾಕೆ ಎಷ್ಟು ಅಂಕ ಬಿತ್ತು ಅಂತ ನೀವೇ ನೋಡಬಹುದು. ಥಂಡರ್‌ಬರ್ಡ್‌ನಲ್ಲಿ ಮೇಲ್ ತೆರೆದು ಕಂಟ್ರೋಲ್ ಯು ಒತ್ತಿ. ಮೇಲೆ ಉದ್ದ ಪುರಾಣ ಬರುತ್ತೆ, ಅದರಲ್ಲಿ ಎಕ್ಸ್-ಸ್ಪ್ಯಾಮ್ ಅಂತ ಶುರುವಾಗುವ ಸಾಲುಗಳನ್ನು ಹುಡುಕಿ. ಅಂಕ, ಯಾವ ಯಾವ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು, ಎಲ್ಲ ಇರುತ್ತೆ. ನಾಲ್ಕು ದಿನ ನೋಡಿದರೆ ಸಾಕು, ನಿಮ್ಮ ಗಿರಾಕಿಗಳ ಮೇಲ್ ಸಾಮಾನ್ಯವಾಗಿ ಎಷ್ಟಕ್ಕೆ ನಿಲ್ಲುತ್ತೆ ಅಂತ ಅಂದಾಜು ಸಿಗುತ್ತೆ. ಅಲ್ಲಿವರೆಗೂ 5ಕ್ಕೇ ಇಡಿ. ಸ್ಪ್ಯಾಮ್ ಬಾಕ್ಸ್ ಅನ್ನೋದನ್ನು ಆನ್ ಮಾಡಿ, ಹಿಡಿದದ್ದೆಲ್ಲ ಬೇರೆ ಫೋಲ್ಡರ್‌ನಲ್ಲಿ ಕೂರುತ್ತೆ, ನೀವು ಬಿಡುವಾದಾಗ ಕಣ್ಣಾಡಿಸಬಹುದು.

ಈಗ ನಿಮ್ಮದೇ ವಿಳಾಸದಿಂದ ಬಂದ ಬೆದರಿಕೆ. ಹೆದರಬೇಡಿ, ಅದು ಲಕ್ಷಾಂತರ ಜನರಿಗೆ ಹೋಗುವ ಮೇಲ್. ಇನ್‌ಲ್ಯಾಂಡ್ ಲೆಟರ್ ಹಿಂದೆ ಕಳಿಸುವವರ ವಿಳಾಸ ಬರೆಯುತ್ತಿದ್ದೆವಲ್ಲ, ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದಿತ್ತು, ಪೋಸ್ಟ್‌ಮ್ಯಾನ್ ಪರೀಕ್ಷೆ ಮಾಡುತ್ತಿರಲಿಲ್ಲ. ಮೇಲ್‌ನಲ್ಲೂ ಅಷ್ಟೇ. ಅದನ್ನು ಪರೀಕ್ಷೆ ಮಾಡಲು ಈಗ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಮೂರು ಏರ್ಪಾಡುಗಳಿವೆ. ಈ ಡೊಮೈನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನೋ ಪಟ್ಟಿ ಮೊದಲನೆಯದು. ಮೇಲ್ ಮೇಲೆ ಹಾಕುವ ಮೊಹರು ಎರಡನೆಯದು. ಇವೆರಡೂ ಹೊಂದದಿದ್ದರೆ ಏನು ಮಾಡಬೇಕು ಅಂತ ಡೊಮೈನ್ ಮಾಲೀಕ ಹೇಳುವ ಮಾತು ಮೂರನೆಯದು. ಸಿಪ್ಯಾನೆಲ್‌ನಲ್ಲಿ ಇಮೇಲ್ ಡೆಲಿವರಬಿಲಿಟಿ ಅಂತ ಪುಟ ಇದೆ, ಮೊದಲೆರಡು ಸರಿ ಇವೆಯಾ ಅಂತ ಅದೇ ಹೇಳುತ್ತೆ.

ಒಂದು ಅನುಮಾನ. ನೀವು ನಿಮ್ಮದೇ ಡೊಮೈನನ್ನು ವೈಟ್‌ಲಿಸ್ಟ್‌ಗೆ, ಅಂದರೆ ತಡೆಯದೆ ಒಳಗೆ ಬಿಡುವ ಪಟ್ಟಿಗೆ, ಹಾಕಿದ್ದೀರಾ? ಹತ್ತರಲ್ಲಿ ಎಂಟು ಜನ ಹಾಕಿರುತ್ತಾರೆ. ಹಾಕಿದ್ದರೆ ಅದಕ್ಕೇ ಆ ಬೆದರಿಕೆ ಮೇಲ್ ರಾಜಾರೋಷವಾಗಿ ಒಳಗೆ ಬಂದಿದ್ದು. ತೆಗೆದುಬಿಡಿ.

ಇನ್ನೊಂದು, ನನಗೆ ಇದೇ ಮುಖ್ಯ ಅನ್ನಿಸುತ್ತಿದೆ. ಕಸದ ಮೇಲ್‌ಗಳು ಯಾರ ಹೆಸರಿಗೆ ಬರುತ್ತಿವೆ ನೋಡಿದ್ರಾ? ಕಳಿಸಿದವರು ಯಾರು ಅಂತ ಅಲ್ಲ. ಟು ಅಂತ ಇರುತ್ತಲ್ಲ, ಆ ಜಾಗ. ಒಂದು ನೂರು ಎಣಿಸಿ ಬಂದು ಹೇಳಿ.

ಕಡಲತಡಿ ಅವರೇ, 1909 ಫೋನ್ ಕರೆ ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರ. ಟೆಲಿಕಾಂ ನಿಯಂತ್ರಕ ಟ್ರಾಯ್‌ನ ನಿಯಮ ಇಮೇಲ್‌ಗೆ ಮುಟ್ಟುವುದಿಲ್ಲ. ಮತ್ತೆ ಇದ್ದಬದ್ದ ಕಸವನ್ನೆಲ್ಲ ಜಿಮೇಲ್‌ಗೆ ಫಾರ್ವರ್ಡ್ ಮಾಡೋದು ಬೇಡ. ಗೂಗಲ್ ಕಣ್ಣಿಗೆ ಆ ಕಸ ಕಳಿಸುತ್ತಿರುವವರು ಇವರ ಹೋಸ್ಟಿಂಗ್ ಸರ್ವರ್. ಎಸ್‌ಪಿಎಫ್ ಕೂಡ ಹೊಂದಲ್ಲ, ಯಾಕೆಂದರೆ ಮೇಲ್ ಕೊನೆಗೆ ಬರುತ್ತಿರೋದು ಮೂಲ ಸರ್ವರ್‌ನಿಂದ ಅಲ್ಲವಲ್ಲ. ಆಮೇಲೆ ಇವರು ಕಳಿಸುವ ಕೋಟೇಶನ್ನೇ ಗಿರಾಕಿಯ ಸ್ಪ್ಯಾಮ್‌ಗೆ ಹೋಗಿ ಬೀಳುತ್ತೆ.

ಕಡಲತಡಿ

ಓ, ಹಾಗಾ. ನಾನು ಡೊಮೈನ್ ಗಿಮೈನ್ ಇಲ್ಲದ ಮನುಷ್ಯ, ಗೊತ್ತಿರಲಿಲ್ಲ. ಆದರೂ ಜಿಮೇಲ್ ಜಿಮೇಲೇ.

ಮಸಿಕೈ

ಸರ್ವರ್ ರೂಮು ಸರ್, ಕಾಲಿಗೆ ಬೀಳಬೇಕು ನಿಮಗೆ. ಎರಡೂ ಹೌದು. ವೈಟ್‌ಲಿಸ್ಟ್‌ನಲ್ಲಿ ನನ್ನದೇ ಡೊಮೈನ್ ಇತ್ತು, ನಾನೇ ಹಾಕಿದ್ದು, ಹೆಂಡತಿ ಮನೆಯಿಂದ ಕಳಿಸುವ ಮೇಲ್ ತಪ್ಪಬಾರದು ಅಂತ. ತೆಗೆದೆ.

ನಿನ್ನೆ ರಾತ್ರಿ ಕೂತು ಪೆನ್ನು ಹಾಳೆ ಇಟ್ಟುಕೊಂಡು 100 ಕಸದ ಮೇಲ್ ಎಣಿಸಿದೆ. 71 ಮೇಲ್ ನಮ್ಮಲ್ಲಿ ಇಲ್ಲವೇ ಇಲ್ಲದ ಹೆಸರಿಗೆ ಬಂದಿವೆ! ಅಡ್ಮಿನ್, ಸೇಲ್ಸ್, ಎಚ್ಆರ್, ಅಕೌಂಟ್ಸ್, ಜಾನ್, ಡೇವಿಡ್. ಬೆಟಗೇರಿಯ ಪ್ರೆಸ್‌ನಲ್ಲಿ ಡೇವಿಡ್ ಯಾರಪ್ಪ ಅಂತ ಹೆಂಡತಿ ನಗುತ್ತಿದ್ದಳು. ನಮ್ಮಲ್ಲಿ ಎಚ್ಆರ್ ಅಂದರೆ ಬೈಂಡಿಂಗ್ ಮಾಡುವ ಹುಡುಗನಿಗೆ ರಜೆ ಕೊಡುವ ನಾನೇ.

ಆಗ ನೆನಪಾಯ್ತು. ಸೈಟ್ ಮಾಡಿದ ಹುಡುಗ 2016ರಲ್ಲಿ ಹೇಳಿದ್ದ, ಅಣ್ಣಾ, ಯಾರಾದರೂ ವಿಳಾಸ ತಪ್ಪಾಗಿ ಟೈಪ್ ಮಾಡಿದರೂ ಮೇಲ್ ನಿಮಗೇ ಬರೋ ಹಾಗೆ ಮಾಡಿದ್ದೀನಿ ಅಂತ. ಭಾರಿ ಖುಷಿಪಟ್ಟಿದ್ದೆ.

ಈಗ ಅದನ್ನು ನಿಲ್ಲಿಸಬಹುದಾ? ಒಂದೇ ಕಷ್ಟ, ಹೇಳೋಕೆ ನಾಚಿಕೆ. 2019ರಲ್ಲಿ ನಮ್ಮದೇ ವಿಸಿಟಿಂಗ್ ಕಾರ್ಡು ನಮ್ಮದೇ ಮಷೀನ್‌ನಲ್ಲಿ 2000 ಹೊಡೆದೆವು. ಎಲ್ಲ ಹಂಚಿ ಮುಗಿದ ಮೇಲೆ ನೋಡಿದರೆ ಇಮೇಲ್‌ನಲ್ಲಿ ಒಂದು ಅಕ್ಷರ ತಪ್ಪು. ಊರ ಜನರ ಪ್ರೂಫ್ ಎಲ್ಲ ತಿದ್ದಿ ನಮ್ಮ ಕಾರ್ಡಿನದ್ದು ನೋಡಿರಲಿಲ್ಲ. ಇವತ್ತಿಗೂ ಆ ತಪ್ಪು ವಿಳಾಸಕ್ಕೆ ಗಿರಾಕಿಗಳು ಬರೆಯುತ್ತಾರೆ.

ಸರ್ವರ್ ರೂಮು

ಹ್ಹಹ್ಹಾ, ಇದನ್ನು ಓದಿ ನಮ್ಮ ಆಫೀಸಿನವರಿಗೆಲ್ಲ ಹೇಳಿದೆ, ಕ್ಷಮಿಸಿ.

ನಿಲ್ಲಿಸಬಹುದು. ಕಾರ್ಡಿನ ಆ ತಪ್ಪು ಹೆಸರಿಗೆ ಮೊದಲು ಫಾರ್ವರ್ಡರ್ ಒಂದನ್ನು ಮಾಡಿ, ನಿಮ್ಮ ನಿಜವಾದ ವಿಳಾಸಕ್ಕೆ ಬರುವ ಹಾಗೆ. ಇದು ನಿಮ್ಮದೇ ಡೊಮೈನ್ ಒಳಗಿನ ಫಾರ್ವರ್ಡ್, ಆಗಲೇ ಹೇಳಿದ ಜಿಮೇಲ್ ತಕರಾರು ಇಲ್ಲಿಲ್ಲ. ಅದು ಕೆಲಸ ಮಾಡುತ್ತಿದೆಯಾ ಅಂತ ಬೇರೆ ಫೋನಿಂದ ಒಂದು ಮೇಲ್ ಹಾಕಿ ನೋಡಿ. ಆಮೇಲೆ ಡಿಫಾಲ್ಟ್ ಅಡ್ರೆಸ್ ಅನ್ನೋ ಪುಟಕ್ಕೆ ಹೋಗಿ, ತಪ್ಪು ವಿಳಾಸದ ಮೇಲ್‌ಗಳನ್ನು ಎರರ್ ಮೆಸೇಜ್ ಕೊಟ್ಟು ತಿರಸ್ಕರಿಸು ಅನ್ನುವ ಆಯ್ಕೆ ಒತ್ತಿ. ಸುಮ್ನೆ ಬಿಸಾಕು ಅನ್ನುವ ಇನ್ನೊಂದು ಆಯ್ಕೆಯೂ ಇರುತ್ತೆ, ಅದು ಬೇಡ. ನಿಜವಾದ ಗಿರಾಕಿ ತಪ್ಪು ಟೈಪ್ ಮಾಡಿದರೆ ಅವರಿಗೆ ವಾಪಸ್ ಸುದ್ದಿ ಹೋಗಬೇಕು, ಮೇಲ್ ಮುಟ್ಟಲಿಲ್ಲ ಅಂತ. ಶಾಲೆಯವರಿಗೆ ಆಗಿದ್ದು ಅದೇ ಅಲ್ವಾ, ಅವರಿಗೆ ಯಾವ ಸುದ್ದಿಯೂ ಬರಲಿಲ್ಲ.

71 ಮೇಲ್ ಬಾಗಿಲಲ್ಲೇ ವಾಪಸ್. ಉಳಿದ 29ಕ್ಕೆ ಮಾತ್ರ ಫಿಲ್ಟರ್ ದುಡಿದರೆ ಸಾಕು.

ಆ 29ಕ್ಕೆ ಥಂಡರ್‌ಬರ್ಡ್‌ಗೆ ಪಾಠ ಹೇಳಿಕೊಡಿ. ಕಸ ಕಂಡಾಗ ಡಿಲೀಟ್ ಒತ್ತಬೇಡಿ, ಜೆ ಒತ್ತಿ. ಒಳ್ಳೇದು ತಪ್ಪಾಗಿ ಜಂಕ್‌ಗೆ ಹೋಗಿದ್ದರೆ ಶಿಫ್ಟ್ ಹಿಡಿದು ಜೆ. ಈ ಎರಡನೆಯದನ್ನು ಜನ ಮಾಡುವುದೇ ಇಲ್ಲ, ಮೇಲನ್ನು ಎಳೆದು ಇನ್‌ಬಾಕ್ಸ್‌ಗೆ ಹಾಕಿ ಸುಮ್ಮನಾಗುತ್ತಾರೆ. ಫಿಲ್ಟರ್ ಕಲಿಯಬೇಕಾದರೆ ಎರಡೂ ಬೇಕು. ಇದರ ಹಿಂದಿರೋದು ಬೇಯ್ಸ್ ಅನ್ನುವ 18ನೇ ಶತಮಾನದ ಇಂಗ್ಲಿಷ್ ಪಾದ್ರಿಯೊಬ್ಬರ ಸಂಭವನೀಯತೆ ಲೆಕ್ಕ. 2002ರಲ್ಲಿ ಪಾಲ್ ಗ್ರಹಾಂ ಅನ್ನುವ ಪ್ರೋಗ್ರಾಮರ್ ಇದನ್ನು ಸ್ಪ್ಯಾಮ್‌ಗೆ ಹೇಗೆ ಹಚ್ಚಬಹುದು ಅಂತ ಬರೆದ ಮೇಲೆ ಎಲ್ಲ ಕಡೆ ಹಬ್ಬಿತು. ನಿಮ್ಮ ವಿಷಯದಲ್ಲಿ ಹೇಳೋದಾದರೆ, "ಜಿಎಸ್‌ಎಂ", "ಮ್ಯಾಪ್ಲಿಥೋ", "ಪ್ರೂಫ್", "ಲಗ್ನಪತ್ರಿಕೆ" ಅನ್ನೋ ಪ್ರೆಸ್ಸಿನ ಪದಗಳು ಬಿಟ್‌ಕಾಯಿನ್ ಕೇಳುವವನ ಮೇಲ್‌ನಲ್ಲಿ ಬರಲ್ಲ. ಫಿಲ್ಟರ್ ಅದನ್ನು ಎಣಿಸಿ ಇಟ್ಟುಕೊಳ್ಳುತ್ತೆ. ನಿಮ್ಮ ಅಂಗಡಿಯ ಮಾತು ಅದಕ್ಕೆ ಬಾಯಿಪಾಠ ಆಗುತ್ತೆ. ಸ್ಪ್ಯಾಮ್‌ಅಸ್ಯಾಸಿನ್‌ನಲ್ಲೂ ಇದು ಇದೆ, ಆದರೆ ಕಡೇಪಕ್ಷ 200 ಕಸ, 200 ಒಳ್ಳೇದು ತೋರಿಸುವವರೆಗೂ ಆ ಭಾಗ ಬಾಯೇ ಬಿಡಲ್ಲ. ಶೇರ್ಡ್ ಹೋಸ್ಟಿಂಗ್‌ನಲ್ಲಿ, ಅಂದರೆ ಒಂದೇ ಸರ್ವರನ್ನು ಹಲವರು ಹಂಚಿಕೊಂಡಿರುವ ಕಡೆ, ಕಲಿಸೋಕೆ ಸಲೀಸಾದ ದಾರಿಯೂ ಇರೋದು ಕಡಿಮೆ. ಹಾಗಾಗಿ ನಿಮ್ಮ ಕಂಪ್ಯೂಟರ್‌ನಲ್ಲಿರೋ ಥಂಡರ್‌ಬರ್ಡ್‌ಗೇ ಕಲಿಸಿ.

ಅಡ್ರೆಸ್ ಬುಕ್‌ನಲ್ಲಿ ಇರುವವರನ್ನು ಜಂಕ್ ಮಾಡಬೇಡ ಅಂತ ಒಂದು ಸೆಟ್ಟಿಂಗ್ ಇದೆ, ಅದೂ ಇರಲಿ. ಹಳೇ ಗಿರಾಕಿಗಳ ವಿಳಾಸ ಎಲ್ಲ ಒಂದು ಸಲ ಕೂತು ತುಂಬಿ.

ಲೆಕ್ಕದ ಅಕ್ಕ

ಮೈಸೂರಿನಲ್ಲಿ ತೆರಿಗೆ ಲೆಕ್ಕ ನೋಡುವವಳು ನಾನು, ಇಲ್ಲಿ ಬರೀ ಓದುತ್ತೇನೆ, ಬರೆಯೋದು ಕಡಿಮೆ. ಈ ಸಲ ಬರೆಯಲೇಬೇಕು ಅನ್ನಿಸಿತು. ನೀವೆಲ್ಲ ಕಸದ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಭಯ ಇರೋದು ಕಸದ ಹಾಗೆ ಕಾಣದ ಮೇಲ್ ಬಗ್ಗೆ.

ನನ್ನ ಕ್ಲೈಂಟ್ ಒಬ್ಬರು, ಅವರದ್ದೂ ಸಣ್ಣ ವ್ಯಾಪಾರ. ಮಾಮೂಲಿ ಮಾಲು ಕೊಡುವವರಿಂದ ಮೇಲ್ ಬಂತು, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಿಲ್ಲಿನ ಹಣ ಹೊಸ ಖಾತೆಗೆ ಹಾಕಿ ಅಂತ. ಹಳೇ ಮೇಲ್‌ಗೇ ರಿಪ್ಲೈ ಆಗಿ ಬಂದಿತ್ತು, ಬಿಲ್ ನಂಬರ್ ಸರಿ, ಮೊತ್ತ ಸರಿ, ಕೆಳಗೆ ಅದೇ ಸಹಿ. ಹಣ ಹಾಕಿದರು. ಹೋಯ್ತು. ಆ ಮಾಲಿನವರ ಮೇಲ್ ಖಾತೆಯನ್ನೇ ಯಾರೋ ಒಡೆದು ಒಳಗೆ ಕೂತಿದ್ದರು. ಸರ್ವರ್ ರೂಮು ಅವರು ಹೇಳಿದ ಆ ಮೂರೂ ಪರೀಕ್ಷೆ ಪಾಸ್, ಯಾಕೆಂದರೆ ಮೇಲ್ ಬಂದದ್ದು ನಿಜವಾದ ಖಾತೆಯಿಂದಲೇ. ಯಾವ ಫಿಲ್ಟರ್ ಹಿಡಿಯುತ್ತೆ ಹೇಳಿ?

ನಿಮ್ಮದು ಪ್ರೆಸ್, ಪೇಪರ್ ಅಂಗಡಿಗೆ ತಿಂಗಳಿಗೆ ದೊಡ್ಡ ಮೊತ್ತ ಹೋಗುತ್ತಿರುತ್ತೆ. ಖಾತೆ ಬದಲಾಗಿದೆ ಅಂತ ಮೇಲ್ ಬಂದರೆ ಆ ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ನಿಮ್ಮ ಡೈರಿಯಲ್ಲಿರುವ ಹಳೇ ನಂಬರಿಗೆ ಮಾಡಿ, ಮಾತಾಡಿ, ಆಮೇಲೆ ಹಾಕಿ. ಹಣ ಹೋಗಿಬಿಟ್ಟಿದ್ದರೆ ಒಂದು ನಿಮಿಷವೂ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಆದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತೆ.

ನಮ್ಮ ಆಫೀಸಿನ ಜಿಮೇಲ್‌ನಲ್ಲಿ ನಾನು ಫಿಲ್ಟರನ್ನು ಉಲ್ಟಾ ಬಳಸುತ್ತೇನೆ. ಮೇಲ್ ಅಡಗಿಸೋಕೆ ಅಲ್ಲ, ಎದ್ದು ಕಾಣಿಸೋಕೆ. ಖಾತೆ ಬದಲು, ಹೊಸ ಐಎಫ್‌ಎಸ್‌ಸಿ ಅಂಥ ಪದ ಇರುವ ಮೇಲ್‌ಗೆ ಕೆಂಪು ಲೇಬಲ್ ತಾನಾಗೇ ಬೀಳುತ್ತೆ. ಕೆಂಪು ಕಂಡರೆ ನಮ್ಮ ಹುಡುಗಿ ನನ್ನನ್ನು ಕೇಳದೆ ಹಣ ಹಾಕುವ ಹಾಗಿಲ್ಲ. ಜುಲೈ ತಿಂಗಳಲ್ಲಿ ರಿಫಂಡ್ ಬಂದಿದೆ ಇಲ್ಲಿ ಒತ್ತಿ ಅನ್ನುವ ಮೇಲ್‌ಗಳ ಜಾತ್ರೆ ಇರುತ್ತೆ, ಅದಕ್ಕೂ ಒಂದು ಲೇಬಲ್ ಮಾಡಿದ್ದೇನೆ. ಕೊಂಡಿಯ ಡೊಮೈನ್ ಹೆಸರು ಕೊನೆಗೆ ಡಾಟ್ ಗೌ ಡಾಟ್ ಇನ್ ಅಂತ ಮುಗಿಯದಿದ್ದರೆ ಮುಟ್ಟೋದೇ ಇಲ್ಲ.

ಅಂಗಡಿ ಜಾಹೀರಾತು ಮೇಲ್‌ಗಳಿಗೆ ಫಿಲ್ಟರ್ ಬೇಕಿಲ್ಲ, ಅನ್‌ಸಬ್‌ಸ್ಕ್ರೈಬ್ ಒತ್ತಿ. 2024ರ ಫೆಬ್ರವರಿಯಿಂದ ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಗೂಗಲ್ ನಿಯಮ ಬಿಗಿ ಮಾಡಿದೆ, ಒಂದೇ ಒತ್ತಿಗೆ ಬಿಡಿಸಿಕೊಳ್ಳುವ ವ್ಯವಸ್ಥೆ ಅವರು ಕೊಡಲೇಬೇಕು. ಆದರೆ ಹೆಸರೇ ಕೇಳದವನ ಮೇಲ್‌ನ ಒಳಗಿರುವ ಅನ್‌ಸಬ್‌ಸ್ಕ್ರೈಬ್ ಮಾತ್ರ ಒತ್ತಬೇಡಿ, ಇಲ್ಲಿ ಮನುಷ್ಯ ಇದ್ದಾನೆ ಅಂತ ನೀವೇ ಕೂಗಿ ಹೇಳಿದ ಹಾಗೆ.

ಅಕ್ಷರ ಜೋಡಣೆ

ಬೆಂಗಳೂರಿನಲ್ಲಿ ಡಿಟಿಪಿ ಮಾಡುತ್ತೇನೆ. ಒಂದು ವಿಷಯ ಯಾರೂ ಹೇಳಲಿಲ್ಲ. ನಿಮ್ಮ ಗಿರಾಕಿಗಳು ಮ್ಯಾಟರನ್ನು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಮೇಲ್ ಒಳಗೆ ಪೇಸ್ಟ್ ಮಾಡುತ್ತಾರಾ?

ಮಾಡಿದರೆ ಕೇಳಿ. ನುಡಿಯ ಹಳೇ ಆಸ್ಕಿ ಫಾಂಟ್‌ಗಳಲ್ಲಿ ಕನ್ನಡ ಅಕ್ಷರ ಕೂತಿರೋದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಫಾಂಟ್ ತೆಗೆದರೆ "ಕನ್ನಡ" ಅನ್ನೋ ಪದ ಹೇಗೆ ಕಾಣುತ್ತೆ ಗೊತ್ತಾ? ಮೊದಲು ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟಿರುವ ಎ, ಅದಾದ ಮೇಲೆ ಬ್ರಿಟನ್ನಿನ ಪೌಂಡ್ ಗುರುತು! ನಮ್ಮ ನ ಅಕ್ಷರ ಆ ಜಾಗದಲ್ಲಿ ಕೂತಿದೆ. ಮದುವೆ ಮ್ಯಾಟರ್ ಪೂರ್ತಿ ಹೀಗೇ ಇದ್ದರೆ ಫಿಲ್ಟರ್ ಕಣ್ಣಿಗೆ ಅದು ಚಿರಂಜೀವಿ ಅಲ್ಲ, ಸೌಭಾಗ್ಯವತಿ ಅಲ್ಲ, ಬರೀ ಪೌಂಡ್ ಪೌಂಡ್ ಪೌಂಡ್. ಲಾಟರಿ ಅಂದುಕೊಂಡರೂ ತಪ್ಪಿಲ್ಲ.

ಯೂನಿಕೋಡ್‌ನಲ್ಲಿ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಜಾಗ ಇರುವ ಪದ್ಧತಿಯಲ್ಲಿ, ಬರೆದರೆ ಈ ತಾಪತ್ರಯ ಇಲ್ಲ, ಕನ್ನಡ ಕನ್ನಡವಾಗೇ ಬರುತ್ತೆ. ಆದರೆ ಹಳ್ಳಿಯ ಡಿಟಿಪಿ ಸೆಂಟರಿಗೆ ಯೂನಿಕೋಡ್‌ನಲ್ಲೇ ಕಳಿಸಿ ಅಂತ ಹೇಳಿ ನೋಡಿ, ಫೋನ್ ಇಡುತ್ತಾರೆ. ನಾನು ಬೇರೆ ದಾರಿ ಮಾಡಿದೆ. ಮ್ಯಾಟರ್ ಮೇಲ್ ಒಳಗೆ ಬೇಡ, ಫೈಲ್ ಆಗಿ ಅಟ್ಯಾಚ್ ಮಾಡಿ, ಸಬ್ಜೆಕ್ಟ್‌ನಲ್ಲಿ ಕಾರ್ಡ್ ಅಂತ ಇಂಗ್ಲಿಷಿನಲ್ಲಿ ಬರೆದು ನಿಮ್ಮ ಊರಿನ ಹೆಸರು ಹಾಕಿ ಅಂತ ಎಲ್ಲರಿಗೂ ಹೇಳಿದೆ. ಆ ಪದ ಇರುವ ಮೇಲ್ ನೇರ ಒಂದು ಫೋಲ್ಡರ್‌ಗೆ ಹೋಗುವ ಹಾಗೆ ಥಂಡರ್‌ಬರ್ಡ್‌ನಲ್ಲಿ ಫಿಲ್ಟರ್ ಹಾಕಿದ್ದೇನೆ. ಎಲ್ಲರೂ ಕೇಳಲ್ಲ, ಅರ್ಧ ಜನ ಕೇಳುತ್ತಾರೆ. ಅಷ್ಟೇ ಪುಣ್ಯ.

ಕಡಲತಡಿ

ಪೌಂಡ್ ಗುರುತು ಓದಿ ಬಿದ್ದು ಬಿದ್ದು ನಗಾಡಿದೆ ಮಾರಾಯ್ರೆ.

ಸುಮ್ನೆ ಒಂದು ಮಾತು. ಈ ರಗಳೆ ಶುರುವಾದದ್ದು 1978ರಲ್ಲಂತೆ. ಇಂಟರ್‌ನೆಟ್‌ನ ಅಜ್ಜ ಆರ್ಪಾನೆಟ್ ಇತ್ತಲ್ಲ, ಅದರಲ್ಲಿ ಡಿಇಸಿ ಅನ್ನುವ ಕಂಪ್ಯೂಟರ್ ಕಂಪನಿಯ ಮಾರಾಟದವರು ಒಬ್ಬರು, ಗ್ಯಾರಿ ಥರ್ಕ್ ಅಂತ, ಹೊಸ ಕಂಪ್ಯೂಟರ್ ತೋರಿಸುತ್ತೇವೆ ಬನ್ನಿ ಅಂತ ಸುಮಾರು 400 ಜನರಿಗೆ ಒಂದೇ ಏಟಿಗೆ ಮೇಲ್ ಹಾಕಿದ್ದು. ಜನ ಬೈದರಂತೆ. ಆ ಮನುಷ್ಯ ಅವತ್ತು ಸುಮ್ಮನೆ ಕೂತಿದ್ದರೆ ಮಸಿಕೈ ಅವರಿಗೆ ಸಂಚಿಕೆ ಕೆಲಸ ಉಳಿಯುತ್ತಿತ್ತು.

ಸರ್ವರ್ ರೂಮು

ಅವರು ಸುಮ್ಮನೆ ಕೂತಿದ್ದರೆ ಮರುದಿನ ಇನ್ನೊಬ್ಬರು ಹಾಕುತ್ತಿದ್ದರು ಬಿಡಿ.

ಅಕ್ಷರ ಜೋಡಣೆಯವರು ಹೇಳಿದ್ದು ನನಗೂ ಹೊಳೆದಿರಲಿಲ್ಲ. ನುಡಿ ಮ್ಯಾಟರ್ ಇರುವ ಮೇಲ್ ಜಂಕ್‌ಗೆ ಬಿದ್ದರೆ ಶಿಫ್ಟ್ ಜೆ ತಪ್ಪದೆ ಒತ್ತಿ. ಬೇಯ್ಸ್ ಲೆಕ್ಕಕ್ಕೆ ಅರ್ಥ ಬೇಡ, ಗೀಟಿರುವ ಎ ಕೂಡ ಅದಕ್ಕೆ ಒಂದು ಗುರುತೇ. ನಿಮಗೆ ನುಡಿಯಲ್ಲಿ ಸ್ಪ್ಯಾಮ್ ಕಳಿಸುವ ಪುಣ್ಯಾತ್ಮ ಜಗತ್ತಿನಲ್ಲಿ ಯಾರೂ ಇಲ್ಲ. ಹಾಗಾಗಿ ಹತ್ತಿಪ್ಪತ್ತು ಸಲ ತೋರಿಸಿದರೆ, ಆ ಗೀಟು ಕಂಡರೆ ಗಿರಾಕಿ ಅಂತ ಬೇಗನೇ ಕಲಿಯುತ್ತೆ. ಪೇಪರ್ ಅಂಗಡಿ ವಿಚಾರದಲ್ಲಿ ಅಕ್ಕ ಹೇಳಿದ ಹಾಗೆ ಮಾಡಿ, ಅಲ್ಲಿ ಯಾವ ಫಿಲ್ಟರೂ ಕಾಯಲ್ಲ.

ಮಸಿಕೈ

ಮೂರು ವಾರ ಆಯ್ತು, ಬಂದು ಹೇಳೋಣ ಅಂತ.

ಫಾರ್ವರ್ಡರ್ ಮಾಡಿದೆ, ಡಿಫಾಲ್ಟ್ ಅಡ್ರೆಸ್ ಮುಚ್ಚಿದೆ, ಡೇವಿಡ್‌ಗೆ ಮೇಲ್ ನಿಂತಿತು. ಅಂಕ 5ಕ್ಕೆ ಇಟ್ಟಿದ್ದೇನೆ, ಆಟೋ ಡಿಲೀಟ್ ಆಫ್. ಈಗ ದಿನಕ್ಕೆ ಒಟ್ಟು ಕಸ 40ರ ಹತ್ತಿರ, ಅದರಲ್ಲಿ ಇನ್‌ಬಾಕ್ಸ್‌ಗೆ ನುಗ್ಗೋದು ಏಳೆಂಟು. ಜೆ ಒತ್ತಿ ಒತ್ತಿ ಕೀಬೋರ್ಡ್‌ನಲ್ಲಿ ಆ ಅಕ್ಷರ ಮಸಿಯಾಗಿದೆ. ಮೊದಲ ವಾರ ಮಗ ಆಟಕ್ಕೆ ಕೂತು ಎರಡು ಒಳ್ಳೆ ಮೇಲ್‌ಗೂ ಜೆ ಒತ್ತಿದ್ದ, ಸರಿ ಮಾಡಿದೆ.

ಪೇಪರ್ ಅಂಗಡಿಯವರಿಗೆ ಫೋನ್ ಮಾಡಿ, ಖಾತೆ ಬದಲಾದರೆ ನೀವೇ ಬಾಯಿಬಿಟ್ಟು ಹೇಳಬೇಕು, ಮೇಲ್ ನಾನು ನಂಬಲ್ಲ ಅಂದೆ. ಅವರು, ನಾವೂ ನಿಮಗೆ ಅದನ್ನೇ ಹೇಳಬೇಕು ಅಂತಿದ್ವಿ, ಮೊನ್ನೆ ನಮಗೂ ಒಂದು ಬಂತು ಅಂದರು.

ಸಂಜೆ ಮಷೀನ್ ತೊಳೆದಾದ ಮೇಲೆ ಸ್ಪ್ಯಾಮ್ ಫೋಲ್ಡರ್ ನೋಡೋದು ರೂಢಿ ಆಗಿದೆ, ಐದು ನಿಮಿಷದ ಕೆಲಸ. ಈಗಷ್ಟೇ ನೋಡಿದೆ. ರೋಣದ ಕಡೆಯವರದ್ದು, ಸಬ್ಜೆಕ್ಟ್ ಇಲ್ಲ, ಒಳಗೆ ಬರೀ ಪೌಂಡ್ ಪೌಂಡ್. ನುಡಿಗೆ ಹಾಕಿ ನೋಡಿದರೆ ಲಗ್ನಪತ್ರಿಕೆ, 500 ಕಾರ್ಡು. ಮೇಲ್ ಬಂದು ಎರಡು ದಿನ ಆಗಿದೆ. ಮದುವೆ ಬರುವ ಗುರುವಾರದ ಆಚೆ ಗುರುವಾರ. ಫೋನ್ ಮಾಡಿದೆ, ಬೇರೆ ಕಡೆ ಕೊಟ್ಟಿಲ್ಲವಂತೆ. ಪ್ಲೇಟ್ ಹಾಕಿಸೋಕೆ ಹೋಗುತ್ತಿದ್ದೇನೆ, ಆಮೇಲೆ ಬರ್ತೀನಿ.